ಗೋಡೆ ಆಚೆ ದಡಕ್ಕೆ ಮಾತ್ರವೇ, ಆಯುಕ್ತರೇ?

ನಮ್ಮ ಪಾಲಿಕೆಯ ಮಾನ್ಯ ಆಯುಕ್ತರಿಗೆ,

ವಾರ್ಡ್ ಕಚೇರಿಗೆ ಕೊಟ್ಟ ಮನವಿಗೆ ಸೀಲು ಬಿತ್ತು, ಉತ್ತರ ಬರಲಿಲ್ಲ. ಸಹಾಯವಾಣಿಯವರು ‘ದೂರು ಇತ್ಯರ್ಥವಾಗಿದೆ’ ಎಂದು ಮೆಸೇಜ್ ಕಳಿಸಿ ಕೈತೊಳೆದುಕೊಂಡರು. ಹಾಗಾಗಿ ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ.

ರಾಜಕಾಲುವೆ ಪಕ್ಕದ ನಮ್ಮ ಶೀಟಿನ ಮನೆಗಳನ್ನು ತಾವು ಬಲ್ಲಿರಿ. ಹವಾಮಾನ ಕ್ರಿಯಾ ಯೋಜನೆಯ ಸಭೆಯಲ್ಲಿ ತಾವೇ ಮೈಕ್ ಹಿಡಿದು, “ಮಳೆಗಾಲಕ್ಕೆ ಮುಂಚೆ ಎರಡೂ ದಡಕ್ಕೆ ತಡೆಗೋಡೆ” ಎಂದಿರಿ. ಚಪ್ಪಾಳೆ ತಟ್ಟಿದೆವು. ಗೋಡೆಯೇನೋ ಎದ್ದಿತು, ಆಳೆತ್ತರಕ್ಕೆ, ಅಪಾರ್ಟ್‌ಮೆಂಟ್ ಇರುವ ಆಚೆ ದಡಕ್ಕೆ. ಈಚೆ ಅಗೆದ ಮಣ್ಣು, ತುಕ್ಕು ಹಿಡಿದ ಸರಳು ಬಿಟ್ಟು ಗುತ್ತಿಗೆದಾರ ಹೋದವನು ಹೋದ. ಮೊದಲು ಎರಡೂ ಕಡೆ ಉಕ್ಕುತ್ತಿದ್ದ ನೀರು ಈ ಸಲ ಪೂರ್ತಿ ನಮ್ಮ ಕಡೆಗೇ ನುಗ್ಗಿತು. ಡ್ರಮ್ಮಿನಲ್ಲಿದ್ದ ರೇಷನ್ ಅಕ್ಕಿ ಚರಂಡಿ ನೀರು ಕುಡಿದು ಉಬ್ಬಿ, ಹುಳಿ ವಾಸನೆ ಹಿಡಿಯಿತು. ಹೆಂಗಸರು ರಾತ್ರಿಯೆಲ್ಲ ಕೆಸರು ಎತ್ತಿ, ಬೆಳಿಗ್ಗೆ ಆಚೆ ದಡದ ಫ್ಲ್ಯಾಟುಗಳ ನೆಲ ಒರೆಸಲು ಹೋದರು. ರಜೆ ಹಾಕಿದರೆ ಸಂಬಳ ಕಟ್.

ಆಮೇಲೆ ಬಂದ ಎಂಜಿನಿಯರ್, ನಿಮ್ಮದು ಒತ್ತುವರಿ, ಎಸ್ಟಿಮೇಟ್‌ನಲ್ಲಿ ಸೇರಿಸೋಕಾಗಲ್ಲ ಎಂದರು. ಅದನ್ನು ಸಭೆಯ ದಿನ ಹೇಳಬೇಕಿತ್ತು. ವೋಟರ್ ಐಡಿ ಕೊಡುವಾಗ, ಕರೆಂಟ್ ಬಿಲ್ ವಸೂಲು ಮಾಡುವಾಗ ಯಾರಿಗೂ ಕಾಣದ ಒತ್ತುವರಿ ಗೋಡೆ ಕಟ್ಟುವಾಗ ಕಂಡಿತೇ?

2023ರ ನವೆಂಬರ್‌ನಲ್ಲಿ ಬಿಡುಗಡೆಯಾದ ಬೆಂಗಳೂರಿನ ಹವಾಮಾನ ಯೋಜನೆ 2050ಕ್ಕೆ ಇಂಗಾಲದ ಲೆಕ್ಕವನ್ನು ಸೊನ್ನೆಗೆ ತರುತ್ತದಂತೆ. ತರಲಿ. ಆದರೆ ಆ ಲೆಕ್ಕ ಏರಿಸಿದ್ದರಲ್ಲಿ ನಮ್ಮ ಪಾಲೆಷ್ಟು? ನಮ್ಮ ಬೀದಿಯಲ್ಲಿ ಕಾರಿಲ್ಲ, ಏಸಿ ಇಲ್ಲ. ಏಪ್ರಿಲ್‌ನಲ್ಲಿ ಶೀಟಿನ ಕೆಳಗೆ ಹಗಲು ಕೂರಲಾಗದೆ ಕೂಸುಗಳನ್ನೆತ್ತಿಕೊಂಡು ದೇವಸ್ಥಾನದ ಜಗಲಿಗೆ ಹೋಗುತ್ತೇವೆ. 2022ರ ಸೆಪ್ಟೆಂಬರ್‌ನಲ್ಲಿ ಮಳೆನೀರು ನುಗ್ಗಿ ವಿಲ್ಲಾಗಳ ಜನ ಟ್ರ್ಯಾಕ್ಟರ್ ಹತ್ತಿ ಹೊರಬಂದದ್ದನ್ನು ದೇಶವೇ ಟಿವಿಯಲ್ಲಿ ನೋಡಿತು. ನಮ್ಮಂಥವರ ಬೀದಿಗೆ ಕ್ಯಾಮೆರಾ ಬರುವುದು ಅಪರೂಪ. 2024ರಲ್ಲಿ ಕೊಳವೆಬಾವಿಗಳು ಬತ್ತಿದಾಗ 12,000 ಲೀಟರ್ ಟ್ಯಾಂಕರಿಗೆ ದರ ನಿಗದಿಯಾಯಿತು. ಅಷ್ಟು ನೀರು ಇಳಿಸಿಕೊಳ್ಳಲು ಸಂಪು ಇರಬೇಕಲ್ಲ ಸ್ವಾಮಿ! ನಾವು ಬಿಂದಿಗೆ ಲೆಕ್ಕದಲ್ಲಿ ಕೊಂಡೆವು, ಕೇಳಿದಷ್ಟು ಕೊಟ್ಟು. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಸುರಂಗ ರಸ್ತೆಯಂತೆ, ಅದಕ್ಕೆ ಸಾವಿರಾರು ಕೋಟಿ. ಒಂದು ಗೋಡೆಯ ಅರ್ಧ ಕೆಲಸಕ್ಕೆ ಮಾತ್ರ ಅನುದಾನವಿಲ್ಲ!

‘ಎರಡೂ ದಡ’ ಎಂದವರು ನೀವು. ನಾವು ಕೇಳುವ ಮೊದಲೇ ಎಂದಿರಿ. ನಮ್ಮನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಫೋಟೊ ತೆಗೆಸಿಕೊಂಡಿರಿ. ಆ ದಿನದ ಸಭಾ ನಡಾವಳಿ ಕೇಳಿದರೆ ‘ಫೈಲ್ ಮೇಲಿದೆ’ ಎನ್ನುತ್ತಾರೆ. ಮೇಲೆ ಕೂತಿರುವವರು ನೀವೇ ತಾನೆ?

ಮುಂದಿನ ಮುಂಗಾರಿನೊಳಗೆ ಈಚೆ ದಡದ ಗೋಡೆ ಏಳಬೇಕು. ಕಟ್ಟುವುದಿಲ್ಲ ಎಂದಾದರೆ ಅದನ್ನೇ ಕಾರಣ ಸಮೇತ ಬರೆದು, ಸಹಿ ಹಾಕಿ ಕೊಡಿ. ಆ ಕಾಗದ ಹಿಡಿದು ನಾವು ಹೈಕೋರ್ಟ್ ಮೆಟ್ಟಿಲು ಹತ್ತುತ್ತೇವೆ.

ಇತಿ,
ಈಚೆ ದಡದ ನಿವಾಸಿ