ಲಾವೋಸಿಗೆ ಹೊರಟವನಿಗೆ

ಉದಯಗಿರಿಯಲ್ಲಿ ನಮ್ಮ ಮನೆಯ ಮಹಡಿಯೇರಿದರೆ ಚಾಮುಂಡಿಬೆಟ್ಟ ಕಾಣುತ್ತದೆ. ಮೊನ್ನೆ ಸಂಜೆ ಅಲ್ಲಿ ಕುಳಿತಿದ್ದಾಗ ಹಳೆಯ ಶಿಷ್ಯನೊಬ್ಬನು ಬಂದು, “ಸಾರ್, ಲಾವೋಸಿಗೆ ಹೊರಟಿದ್ದೇನೆ. ಯಾವ ಊರುಗಳನ್ನು ನೋಡಲಿ?” ಎಂದು ಕೇಳಿದನು.

ಎರಡನ್ನು ಹೇಳಿದೆನು. ಮೊದಲನೆಯದು ಮೇಕಾಂಗ್ ಮತ್ತು ನಾಮ್ ಖಾನ್ ನದಿಗಳು ಕೂಡುವೆಡೆಯಲ್ಲಿರುವ ಲುವಾಂಗ್ ಪ್ರಬಾಂಗ್. 1975ರಲ್ಲಿ ಅರಸೊತ್ತಿಗೆ ಅಳಿದ ಮೇಲೆ ಅಲ್ಲಿಯ ಅರಮನೆ ವಸ್ತುಸಂಗ್ರಹಾಲಯವಾಗಿದೆ. ಮೈಸೂರಿನವರಿಗೆ ಆ ಊರು ಅಪರಿಚಿತವೆನಿಸದು. ಎರಡನೆಯದು ದಕ್ಷಿಣದ ಚಂಪಾಸಕ್. ಅದರ ಸಮೀಪದ ಬೆಟ್ಟದ ಶಿಖರ ಲಿಂಗಾಕಾರದ್ದು. ಪ್ರಾಚೀನರು ಅದನ್ನು ಲಿಂಗಪರ್ವತವೆಂದರು. ಆ ಬೆಟ್ಟದ ವಾಟ್ ಫೂ ಶಿವಾಲಯದಲ್ಲಿ ಚಿಲುಮೆಯ ನೀರು ಲಿಂಗಕ್ಕೆ ಅಭಿಷೇಕವಾಗುತ್ತಿತ್ತು. ಇಂದು ಅದೇ ಗುಡಿಯಲ್ಲಿ ಬುದ್ಧನಿಗೆ ಪೂಜೆ. ದೇವರು ಬದಲಾದರೂ ಭಕ್ತಿ ಬೆಟ್ಟವನ್ನು ಬಿಟ್ಟಿಲ್ಲ.

“ಲುವಾಂಗ್ ಪ್ರಬಾಂಗಿನ ಭಿಕ್ಷುಗಳ ಚಿತ್ರ ತೆಗೆಯಬೇಕು, ಸಾರ್” ಎಂದು ಅವನು ಹಿಗ್ಗಿದನು. ನಸುಕಿನಲ್ಲಿ ಬರಿಗಾಲಿನಿಂದ ಭಿಕ್ಷೆಗೆ ಹೊರಡುವ ಅವರ ಮುಖಕ್ಕೇ ಪ್ರವಾಸಿಗಳು ಕ್ಯಾಮರಾ ಹಿಡಿಯುವುದುಂಟು. ನಾನು ಬೆಟ್ಟದತ್ತ ಕೈತೋರಿ, “ಅಲ್ಲಿ ಮೆಟ್ಟಿಲು ಮೆಟ್ಟಿಲಿಗೂ ಅರಿಸಿನ ಕುಂಕುಮವಿಟ್ಟು ಏರುವ ನಿನ್ನ ತಾಯಿಯ ಮುಖಕ್ಕೆ ಯಾರಾದರೂ ಹಾಗೆ ಹಿಡಿದರೆ?” ಎಂದೆನು.

ಅವನು ಮಾತನಾಡಲಿಲ್ಲ.

ವಾಚಕ ಮಿತ್ರರೆ, ಪರನಾಡನ್ನು ನೋಡಹೋಗುವವರು ದೂರ ನಿಂತು ನೋಡುವುದನ್ನೂ ಕಲಿತು ಹೋಗಬೇಕು.