ಸೂಲಿಕುಂಟೆಗೆ ಕಳಿಸಿದರೆ ಪುನರ್ವಸತಿಯಾಗದು

ಬೆಂಗಳೂರಿನ ಬಿಟಿಎಂ, ಜಯನಗರಗಳ ಕೊಳೆಗೇರಿಗಳನ್ನು ಊರಾಚೆಗೆ ಸಾಗಿಸಿ, ಆ ದುಬಾರಿ ಜಾಗವನ್ನು ಖಾಸಗಿಯವರಿಗೆ ಒಪ್ಪಿಸಿದರೆ ಎಲ್ಲರಿಗೂ ಲಾಭವೆಂಬ ವಾದ ಒಪ್ಪತಕ್ಕದ್ದಲ್ಲ. ಈ ಪ್ರಯೋಗ ಬಿಟಿಎಂ ಸಮೀಪದ ಈಜಿಪುರದಲ್ಲಿ ನಡೆದೇ ಹೋಗಿದೆ. ಪಾಲಿಕೆ ಕಟ್ಟಿಸಿದ್ದ ಬಡವರ ವಸತಿಗೃಹಗಳು ಶಿಥಿಲವಾದವು. ಆ ಜಾಗದಲ್ಲಿ ಮಾಲ್‌ ಸಮೇತ ಕಟ್ಟಡ ಕಟ್ಟಲು ಖಾಸಗಿಯವರೊಂದಿಗೆ ಒಪ್ಪಂದವಾಯಿತು. 2013ರ ಜನವರಿಯಲ್ಲಿ ಬುಲ್ಡೋಜರ್ ನುಗ್ಗಿ ಸಾವಿರಕ್ಕೂ ಹೆಚ್ಚು ಕುಟುಂಬಗಳು ಬೀದಿಗೆ ಬಿದ್ದವು. ಬದಲಿಗೆ ತೋರಿಸಿದ್ದು ಸರ್ಜಾಪುರ ರಸ್ತೆಯ ಕಡೆಯ ಸೂಲಿಕುಂಟೆ. ಕೋರಮಂಗಲದಲ್ಲಿ ಮನೆಗೆಲಸ ಮಾಡುವ ಹೆಂಗಸಿಗೆ ಆ ದೂರವೆಂದರೆ ಕೆಲಸವನ್ನೇ ಕಳೆದುಕೊಂಡಂತೆ. ಕುಸಿಯುವ ಕಟ್ಟಡವನ್ನು ಉಳಿಸಬೇಕಿತ್ತೇ ಎಂದು ಕೇಳಬಹುದು. ಇಲ್ಲ, ಕೆಡವಲೇಬೇಕಿತ್ತು; ಆದರೆ ಬದಲಿ ಮನೆ ಹತ್ತಿರದಲ್ಲೇ, ಕೆಡವುವ ಮೊದಲೇ ಸಿಗಬೇಕಿತ್ತು. ನೆಲೆ ಕಿತ್ತರೆ ಜೀವನೋಪಾಯವೂ ಹೋಗುತ್ತದೆಂದು ಸುಪ್ರೀಂ ಕೋರ್ಟ್ 1985ರ ಓಲ್ಗಾ ಟೆಲ್ಲಿಸ್ ಪ್ರಕರಣದ ತೀರ್ಪಿನಲ್ಲೇ ಒಪ್ಪಿದೆ. ಸಾರ್ವಜನಿಕ ಭೂಮಿಯ ಮೇಲೆ ಮೊದಲ ಹಕ್ಕು ಅಲ್ಲಿ ನೆಲೆಸಿದವರದಾಗಬೇಕು.