ಊರಿನ ಬ್ಯಾಂಡು ಯಾರ ಸ್ವತ್ತು?

ಕುಲಶೇಖರದ ಕೆಲವು ಗೃಹಸ್ಥರು ಕೂಡಿ, ತಮ್ಮ ಊರಿನ ಯುವಕ ಯುವತಿಯರಿಗಾಗಿ ಬ್ಯಾಂಡುವಾದ್ಯದ ಒಂದು ಮೇಳವನ್ನು ಕಟ್ಟುವ ಸಂಕಲ್ಪ ಮಾಡಿರುವರು. ವಾದ್ಯಗಳಿಗೆ ಹಣ ಕೂಡಿಬರುತ್ತಿದೆ, ಕಲಿಸುವವರೂ ದೊರೆತಿರುವರು. ಆದರೆ ಮೇಳಕ್ಕೆ ಕಾನೂನಿನಲ್ಲಿ ಯಾವ ರೂಪವನ್ನು ಕೊಡಬೇಕೆಂಬಲ್ಲಿ ಅವರೊಳಗೆ ಒಮ್ಮತವಿಲ್ಲ. ಸಂಘವೆನ್ನುವವರು ಕೆಲವರು, ಟ್ರಸ್ಟೆನ್ನುವವರು ಕೆಲವರು, ಕಂಪೆನಿಯ ಮಾತನ್ನು ಎತ್ತಿದವರೂ ಉಂಟು. ಇದೊಂದೂ ಬೇಡ, ಸ್ನೇಹದಲ್ಲಿಯೇ ನಡೆದುಹೋಗಲಿ ಎನ್ನುವವರೇ ಹೆಚ್ಚೆಂದು ಕೇಳಿದ್ದೇವೆ. ನಮ್ಮ ಅಭಿಪ್ರಾಯವನ್ನು ಬಯಸಿರುವುದರಿಂದ ಈ ತಿಂಗಳ ಪುಟವನ್ನು ಅದಕ್ಕೇ ಮೀಸಲಿಡುತ್ತೇವೆ.

ಆಳುಪ ಅರಸರ ಹೆಸರನ್ನು ನೆನಪಿಗೆ ತರುವ ಆ ಊರಿಗೆ ಬ್ಯಾಂಡಿನ ಧ್ವನಿ ಹೊಸದೇನಲ್ಲ. 1873ರಲ್ಲಿ ಸ್ಥಾಪಿತವಾದ ಕೊರ್ಡೆಲಿನ ಇಗರ್ಜಿ ಅಲ್ಲಿರುವುದು. ವೀರನಾರಾಯಣ ದೇವಸ್ಥಾನವೂ ಅಲ್ಲಿಯೇ. ಇಗರ್ಜಿಯ ಹಬ್ಬಕ್ಕೂ, ಮದುವೆಯ ದಿಬ್ಬಣಕ್ಕೂ, ಕುದ್ರೋಳಿಯ ದಸರೆಯ ಮೆರವಣಿಗೆಗೂ ಮಂಗಳೂರಿನಲ್ಲಿ ಬ್ಯಾಂಡು ಬೇಕು. ಎಲ್ಲ ಮತದ ಮಕ್ಕಳೂ ಒಂದೇ ಸಾಲಿನಲ್ಲಿ ಹೆಜ್ಜೆಯಿಡುವ ಮೇಳವೊಂದು ಹುಟ್ಟುವುದಾದರೆ ಅದು ಸಂತೋಷದ ಸಂಗತಿಯೇ ಸರಿ. ಆದಕಾರಣವೇ ಅದು ಐದಾರು ವರ್ಷಗಳಲ್ಲಿ ಒಡೆದು ಹೋಗಬಾರದೆಂದು ನಮ್ಮ ಆಶೆ.

ಸ್ನೇಹದ ಪಕ್ಷದವರನ್ನು ನಾವು ಒಂದು ಪ್ರಶ್ನೆ ಕೇಳುವೆವು. ಆ ದೊಡ್ಡ ಡ್ರಮ್ಮು ಯಾರದು? ಊರವರ ವಂತಿಗೆಯಿಂದ ಕೊಂಡದ್ದಾದರೂ ಅಂಗಡಿಯ ರಶೀದಿ ಯಾರೋ ಒಬ್ಬರ ಹೆಸರಿನಲ್ಲಿರಬೇಕಷ್ಟೆ. ಬ್ಯಾಂಕಿನ ಖಾತೆಯೂ ಹಾಗೆಯೇ. ಆ ಪುಣ್ಯಾತ್ಮರು ಕಾಲವಾದರೆ, ಕಹಳೆ ಕ್ಲಾರಿಯೊನೆಟ್ಟುಗಳು ಅವರ ಸ್ವಂತದ್ದಲ್ಲವೆಂದು ವಾರಸುದಾರರ ಮುಂದೆ ಸಾಧಿಸುವವರು ಯಾರು? ಅವರು ಬದುಕಿರುವಾಗಲೇ ಸಾಲದಲ್ಲಿ ಸಿಕ್ಕಿದರೆ, ಸಾಲಿಗನು ಜಫ್ತಿ ತರುವಾಗ ಅಟ್ಟದ ಮೇಲಿನ ಟ್ರೊಂಬೋನನ್ನು ಬಿಟ್ಟುಬಿಡುವನೆ? ಗುರುವಿನ ಸಂಬಳಕ್ಕೂ, ವಾಹನದ ಬಾಡಿಗೆಗೂ ಕರಾರು ಬರೆದುಕೊಟ್ಟವನೇ ಸ್ವಂತ ಕೈಯಿಂದ ಹೊಣೆಯಾಗುವನು. ಕಾನೂನಿನ ರೂಪವೆಂಬುದು ಆಡಂಬರಕ್ಕಾಗಿ ಅಲ್ಲ. ವಾದ್ಯಗಳಿಗೆ ಮನುಷ್ಯನಿಗಿಂತ ದೀರ್ಘಾಯುವಾದ ಒಬ್ಬ ಒಡೆಯನನ್ನು ಗೊತ್ತುಮಾಡುವುದಕ್ಕಾಗಿ.

ಮೈಸೂರಿನ ಅರಮನೆಯ ಬ್ಯಾಂಡನ್ನು ನೋಡಿರಿ. ಅದರ ಒಡೆಯನು ಅರಸನೇ ಆಗಿದ್ದುದರಿಂದ ಈ ಪ್ರಶ್ನೆ ಅಲ್ಲಿ ಏಳಲಿಲ್ಲ. ಅರಸೊತ್ತಿಗೆ ಹೋದ ಮೇಲೆ ಸರಕಾರವು ಕೈಹಿಡಿದದ್ದರಿಂದ ಅದು ಪೊಲೀಸ್ ಬ್ಯಾಂಡಾಗಿ ಉಳಿಯಿತು. ನಮ್ಮ ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನಿಗೆ ಮನಸೋತದ್ದು ಆ ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿದ ಮೇಲೆಯೇ ಎಂಬುದು ಪ್ರಸಿದ್ಧ. ಕುಲಶೇಖರದವರಿಗಾದರೋ ಅರಸನೂ ಇಲ್ಲ, ಸರಕಾರವೂ ಬಂದು ಕೈಹಿಡಿಯದು.

ನಮ್ಮ ಸಲಹೆ ಸಂಘದ ಕಡೆಗೆ. ಈ ಜಿಲ್ಲೆಯು ಮದ್ರಾಸಿಗೆ ಸೇರಿದ್ದಾಗ 1860ರ ಕಾಯಿದೆಯು ನಡೆಯುತ್ತಿದ್ದಿತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದ ಮೇಲೆ, ಈಗ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯೆಂದು ಕರೆಯಲ್ಪಡುವ 1960ರ ಕಾಯಿದೆಯು ಬಂದಿತು. ಏಳು ಮಂದಿ ಕೂಡಿ ಉದ್ದೇಶಪತ್ರವನ್ನೂ ನಿಬಂಧನೆಗಳನ್ನೂ ಬರೆದು ಜಿಲ್ಲೆಯ ಸಂಘಗಳ ನೋಂದಣಾಧಿಕಾರಿಗೆ ಒಪ್ಪಿಸಿದರೆ ಸಾಕು. ಲಲಿತಕಲೆಯ ಪ್ರಚಾರವು ಆ ಕಾಯಿದೆಯು ಒಪ್ಪಿದ ಉದ್ದೇಶಗಳಲ್ಲೊಂದು. ಸಂಘದಲ್ಲಿ ಅಧಿಕಾರವು ಸದಸ್ಯರದು. ಸಮಿತಿಯನ್ನು ಅವರೇ ಆರಿಸುವರು, ವರ್ಷಕ್ಕೊಮ್ಮೆ ಮಹಾಸಭೆಯಲ್ಲಿ ಲೆಕ್ಕ ಕೇಳುವರು. ಸಮಿತಿಯು ದಾರಿ ತಪ್ಪಿದರೆ ಸದಸ್ಯರಲ್ಲಿ ಮೂರನೆಯ ಒಂದು ಪಾಲಿನವರು ಅರ್ಜಿಯಿತ್ತು ನೋಂದಣಾಧಿಕಾರಿಯಿಂದ ವಿಚಾರಣೆ ಮಾಡಿಸಬಹುದು. ಸಂಘವು ವಿಸರ್ಜಿತವಾದರೂ ಮಿಕ್ಕ ಸ್ವತ್ತನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ. ದಾನ ಕೊಡುವವರಿಗೆ ಇದಕ್ಕಿಂತ ಬೇರೆ ಯಾವ ಧೈರ್ಯ ಬೇಕು?

ಸಂಘಕ್ಕೂ ಒಂದು ರೋಗವುಂಟು, ಅದು ಸೋಮಾರಿತನ. ಪ್ರತಿವರ್ಷವೂ ಮಹಾಸಭೆಯನ್ನು ಕರೆದು, ಸಮಿತಿಯ ಪಟ್ಟಿಯನ್ನೂ ಜಮಾಖರ್ಚನ್ನೂ ನೋಂದಣಾಧಿಕಾರಿಗೆ ಸಲ್ಲಿಸತಕ್ಕದ್ದು. ಮೊದಲ ವರ್ಷ ಉತ್ಸಾಹದಿಂದ ಸಲ್ಲಿಸಿ, ಮುಂದೆ ಕಾಗದಗಳನ್ನು ಕಪಾಟಿನಲ್ಲಿ ಮರೆತುಬಿಡುವ ಸಂಘಗಳು ನಮ್ಮ ನಾಡಿನಲ್ಲಿ ಕಡಿಮೆಯಿಲ್ಲ. ಆಮೇಲೆ ದಂಡ ತೆರಬೇಕಾಗುವುದು. ನೋಂದಣಿಗೇ ಅಪಾಯ ತಟ್ಟುವುದು. ಬಾರಿಸುವವರಿಗೆ ಈ ಕೆಲಸ ಒಗ್ಗದು. ಊರಿನಲ್ಲಿ ನಿವೃತ್ತರಾದ ಬ್ಯಾಂಕಿನ ಗುಮಾಸ್ತರೊಬ್ಬರನ್ನು ಹುಡುಕಿ ಕೋಶಾಧಿಕಾರಿಗಳನ್ನಾಗಿ ಮಾಡುವುದು ಲೇಸು. ಶಾಲೆಯ ಮಕ್ಕಳು ಬಾರಿಸಬಹುದು, ಆದರೆ ಮೈನರುಗಳ ಕರಾರು ಕಾನೂನಿನಲ್ಲಿ ನಿಲ್ಲದು. ಅವರ ಬಗ್ಗೆ ತಂದೆತಾಯಿಗಳ ಒಪ್ಪಿಗೆಯನ್ನು ಬರೆಯಿಸಿಕೊಳ್ಳಬೇಕು.

ಟ್ರಸ್ಟನ್ನು ಬಯಸುವವರು ಶಾಂತಿಪ್ರಿಯರು. ಚುನಾವಣೆಯ ಜಗಳವಿಲ್ಲ, ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ದಸ್ತಾವೇಜನ್ನು ನೋಂದಾಯಿಸಿದರೆ ಮುಗಿಯಿತು ಎನ್ನುವರು. ದಸ್ತಾವೇಜಿನಲ್ಲಿ 1882ರ ಕಾಯಿದೆಯನ್ನು ಹೆಸರಿಸುವುದು ವಾಡಿಕೆ. ವಾಸ್ತವದಲ್ಲಿ ಅದು ಖಾಸಗಿ ಟ್ರಸ್ಟುಗಳಿಗೆ ಸಂಬಂಧಿಸಿದ್ದು, ಸಾರ್ವಜನಿಕ ಧರ್ಮಕಾರ್ಯಗಳಿಗಲ್ಲ. ನಮಗೆ ತೋರುವ ಆಕ್ಷೇಪ ಬೇರೆಯೇ. ಟ್ರಸ್ಟಿನಲ್ಲಿ ಧರ್ಮದರ್ಶಿಗಳೇ ಸರ್ವಸ್ವ. ಬಿಸಿಲಿನಲ್ಲಿ ನಡೆದು ಬಾರಿಸುವ ಹುಡುಗನಿಗೆ ಮತವಿಲ್ಲ. ಅವರು ತಪ್ಪಿದರೆಂದು ದೂರುವುದಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೆಯ ಕಲಮಿನಂತೆ ಇಬ್ಬರು ಹಿತಾಸಕ್ತರು ನ್ಯಾಯಾಲಯದ ಅನುಮತಿ ಪಡೆದು ದಾವೆ ಹೂಡಬೇಕು. ಒಬ್ಬ ಧನಿಕನು ತನ್ನ ತಂದೆಯ ನೆನಪಿಗೆ ವಾದ್ಯಗಳನ್ನೂ ಕಟ್ಟಡವನ್ನೂ ದಾನವಿತ್ತು, ಅವು ಎಂದೂ ಪರಭಾರೆಯಾಗಬಾರದೆಂದು ಬಯಸಿದರೆ ಮಾತ್ರ ಆ ಸ್ವತ್ತಿಗೆ ಟ್ರಸ್ಟು ಯೋಗ್ಯವಾದೀತು.

ಕಂಪೆನಿಯ ವಿಷಯವನ್ನು ಬೇಗನೆ ಮುಗಿಸುವೆವು. 2013ರ ಕಾಯಿದೆಯ 8ನೆಯ ಕಲಮು ಲಾಭವಿಲ್ಲದ ಕಂಪೆನಿಗೆ ಅವಕಾಶವಿತ್ತಿದೆ. ಆದರೆ ವರಮಾನವು ಎಷ್ಟೇ ಅಲ್ಪವಾದರೂ ಪ್ರತಿವರ್ಷ ಆಡಿಟರರು ಬೇಕು, ವರದಿಗಳು ಬೇಕು. ಮೂವತ್ತು ಜನರ ಬ್ಯಾಂಡಿಗೆ ಇದು ಹೆಣದಷ್ಟು ಭಾರ. ದಿಬ್ಬಣಗಳಲ್ಲಿ ಬಾರಿಸಿ ಜೀವನ ಮಾಡುವ ವೃತ್ತಿಗಾರರಿಗಾದರೆ ಪಾಲುದಾರಿಕೆಯೋ ಸಹಕಾರಿ ಸಂಘವೋ ಸಲ್ಲುವುದು. ಅದು ಬೇರೆ ಮಾತು. ಆದರೂ ಒಂದು ಎಚ್ಚರಿಕೆಯನ್ನು ಹೇಳಬೇಕು: ಸಂಘವಾಗಿದ್ದುಕೊಂಡು ಮದುವೆಗಳ ಬಾಡಿಗೆಯನ್ನೇ ಮುಖ್ಯ ವರಮಾನವಾಗಿ ಮಾಡಿಕೊಂಡರೆ, ಆದಾಯತೆರಿಗೆಯವರು ಅದನ್ನು ವ್ಯಾಪಾರವೆಂದು ಎಣಿಸುವ ಸಂಭವವುಂಟು. ಧರ್ಮಸಂಸ್ಥೆಗಳಿಗಿರುವ ತೆರಿಗೆಯ ರಿಯಾಯಿತಿಯು ಸಂಘವಾದ ಮಾತ್ರಕ್ಕೆ ಬಾರದು. ಅದಕ್ಕೆ ಆ ಇಲಾಖೆಯಲ್ಲಿ ಪ್ರತ್ಯೇಕ ನೋಂದಣಿಯಾಗಬೇಕು.

ಮಂಗಳೂರಿನ ಮನೆಗಳಿಗೆ ವಿಶೇಷವಾಗಿ ಸಂಬಂಧಿಸಿದ ಮಾತೊಂದು ಉಳಿದಿದೆ. ನಮ್ಮವರು ದುಬಾಯಿ, ಕುವೈತುಗಳಲ್ಲಿಯೂ ಇರುವರು, ಕೆನಡಾದಲ್ಲಿಯೂ ಇರುವರು. ಭಾರತದ ಪೌರತ್ವವನ್ನು ಉಳಿಸಿಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದ ಹಣವು ವಿದೇಶೀ ವಂತಿಗೆಯಲ್ಲ. ಪರದೇಶದ ಪೌರರಾದವರು ಕಳುಹಿಸಿದರೆ, ಅವರು ಹುಟ್ಟಿದ್ದು ಕುಲಶೇಖರದಲ್ಲೇ ಆಗಿದ್ದರೂ, 2010ರ ವಿದೇಶೀ ವಂತಿಗೆ ಕಾಯಿದೆಯು ಅಡ್ಡಬರುವುದು. ಸರಕಾರದ ಪೂರ್ವಾನುಮತಿಯಾಗಲಿ ನೋಂದಣಿಯಾಗಲಿ ಇಲ್ಲದೆ ಅದನ್ನು ಮುಟ್ಟಕೂಡದು. ಒಬ್ಬ ತಮ್ಮನ ಹಣವನ್ನು ಕೂಡಲೇ ಜಮಾ ಮಾಡಬಹುದು, ಇನ್ನೊಬ್ಬನದನ್ನು ಕೈಮುಗಿದು ತಡೆಯಬೇಕು. ವಂತಿಗೆಯ ಪುಸ್ತಕದಲ್ಲಿ ದಾನಿಯ ಪೌರತ್ವವನ್ನೂ ಬರೆದಿಡುವುದು ಇದಕ್ಕಾಗಿಯೇ.

ಸಿನಿಮಾದ ಹಾಡುಗಳನ್ನು ಬಾರಿಸಲು ಹಕ್ಕುದಾರರಿಗೆ ಹಣ ತೆರಬೇಕೆ ಎಂದು ಕೆಲವರು ಅಂಜಿರುವರಂತೆ. 1957ರ ಕೃತಿಸ್ವಾಮ್ಯ ಕಾಯಿದೆಯು ಧಾರ್ಮಿಕ ಸಮಾರಂಭಗಳಿಗೂ, ಮದುವೆಯ ಮೆರವಣಿಗೆಗೂ, ಹವ್ಯಾಸಿ ಸಂಘವು ಟಿಕೇಟಿಲ್ಲದ ಸಭಿಕರ ಮುಂದೆ ನುಡಿಸುವುದಕ್ಕೂ ವಿನಾಯಿತಿ ಕೊಟ್ಟಿದೆ. ಟಿಕೇಟು ಮಾರುವ ದಿನ ಮಾತ್ರ ವಿಚಾರಿಸಿಕೊಳ್ಳಬೇಕು.

ನಿಬಂಧನೆಗಳನ್ನು ಬರೆಯುವಾಗ ಬೇರೆ ಸಂಘದ ಪ್ರತಿಯನ್ನು ತಂದು ಹೆಸರನ್ನಷ್ಟೇ ತಿದ್ದಬೇಡಿರಿ. ಸದಸ್ಯನು ಊರು ಬಿಟ್ಟರೆ ವಾದ್ಯವನ್ನು ಎಷ್ಟು ದಿನದೊಳಗೆ ಒಪ್ಪಿಸಬೇಕು, ಮುರಿದರೆ ಯಾರು ತೆರಬೇಕು, ಖಾತೆಗೆ ಯಾವ ಇಬ್ಬರು ಸಹಿ ಹಾಕಬೇಕು, ಸಂಘವು ನಿಂತುಹೋದರೆ ವಾದ್ಯಗಳು ಯಾವ ಬಗೆಯ ಸಂಸ್ಥೆಗೆ ಸಲ್ಲಬೇಕು, ಇವೆಲ್ಲ ಅದರಲ್ಲಿರಲಿ. ಈಗಾಗಲೇ ಒಬ್ಬರ ಹೆಸರಿನಲ್ಲಿ ಕೊಂಡ ವಾದ್ಯಗಳಿದ್ದರೆ, ನೋಂದಣಿಯಾದೊಡನೆಯೇ ಅವರಿಂದ ದಾನಪತ್ರವನ್ನು ಬರೆಯಿಸಿಕೊಂಡು, ಪ್ರತಿಯೊಂದರ ಮೇಲೆ ಸಂಘದ ಹೆಸರನ್ನೂ ಕ್ರಮಸಂಖ್ಯೆಯನ್ನೂ ಕೊರೆಯಿಸಿ, ಅದನ್ನು ದಾಸ್ತಾನು ಪುಸ್ತಕದಲ್ಲಿ ಏರಿಸತಕ್ಕದ್ದು.